ಬುಟ್ಟಿ ಹೆಣೆದವರ ಏಕಾಂತ

ಕ್ರಿ.ಶ. 324ರ ಜೂನ್ ತಿಂಗಳಲ್ಲಿ ಈಜಿಪ್ಟಿನ ಕರಾನಿಸ್ ಎಂಬ ಹಳ್ಳಿಯ ರೈತ ಇಸಿದೋರಸ್ ಅಧಿಕಾರಿಗಳಿಗೆ ಒಂದು ದೂರು ಬರೆದುಕೊಟ್ಟ. ಊರಿನ ಇಬ್ಬರ ಹಸು ಅವನ ಹೊಲಕ್ಕೆ ನುಗ್ಗಿ ಬೆಳೆ ಹಾಳುಮಾಡಿತ್ತು. ಅದನ್ನು ಹಿಡಿದು ಊರ ಕಡೆ ಹೊಡೆದುಕೊಂಡು ಬರುತ್ತಿದ್ದಾಗ ಹಸುವಿನ ಒಡೆಯರು ದೊಣ್ಣೆ ಹಿಡಿದು ಅಡ್ಡಗಟ್ಟಿ, ಅವನನ್ನು ನೆಲಕ್ಕೆ ಕೆಡವಿ ಬಡಿದು, ಹಸುವನ್ನು ಕಿತ್ತುಕೊಂಡು ಹೋದರು. ಚರ್ಚಿನ ಸೇವಕ ಅಂತೋನಿನಸ್ ಮತ್ತು ಸನ್ಯಾಸಿ ಐಸಾಕ್ ಆ ಹೊತ್ತಿಗೆ ಬಂದು ಬಿಡಿಸದೇ ಹೋಗಿದ್ದರೆ ತಾನು ಉಳಿಯುತ್ತಿರಲಿಲ್ಲ ಎಂದು ಇಸಿದೋರಸ್ ಹೇಳಿಕೊಂಡಿದ್ದಾನೆ. ದಿನಾಂಕವಿರುವ ಪಪೈರಸ್ ದಾಖಲೆಯಲ್ಲಿ ಕ್ರೈಸ್ತ ಸನ್ಯಾಸಿಯೊಬ್ಬ ಮೊದಲ ಸಲ ಕಾಣಿಸಿಕೊಳ್ಳುವುದು ಹೀಗೆ. ಲೋಕ ಬಿಟ್ಟವನ ಹೆಸರು ಲೋಕದ ಕಡತಕ್ಕೆ ಸೇರಿದ್ದು ದನದ ಜಗಳ ಬಿಡಿಸಿದ್ದರಿಂದ.

ಈಜಿಪ್ಟಿನ ಮರಳುಗಾಡಿನ ಏಕಾಂತಕ್ಕೆ ಇದಕ್ಕಿಂತ ಒಪ್ಪುವ ಮೊದಲ ಪುಟ ಸಿಗುವುದಿಲ್ಲ. ನಾಲ್ಕನೇ ಶತಮಾನದಲ್ಲಿ ಸಾವಿರಾರು ಜನ ಮನೆ, ಹೊಲ, ಹುದ್ದೆ ಬಿಟ್ಟು ಮರಳಿನ ಕಡೆ ನಡೆದರು. ಅವರನ್ನು ಚಿತ್ರಿಸಿದವರು ಗುಹೆ, ತಲೆಬುರುಡೆ, ಸೈತಾನನನ್ನು ಬರೆದರು. ಆ ಕಾಲದ ಬರಹಗಳನ್ನೇ ತೆರೆದರೆ ಎದುರಾಗುವುದು ರೊಟ್ಟಿ, ಬಾವಿ, ಖರ್ಜೂರದ ಗರಿ, ಒಂಟೆಯ ಬಾಡಿಗೆ, ಕರೆಯದೆ ಬರುವ ಅತಿಥಿಗಳು. ಒಬ್ಬಂಟಿಯಾಗಿ ಬದುಕುವುದಕ್ಕೆ ಎಷ್ಟು ಜನ ಬೇಕಾಗುತ್ತಾರೆ ಎಂಬುದನ್ನು ಇವರಷ್ಟು ವಿವರವಾಗಿ ಬರೆದಿಟ್ಟವರು ಕಡಿಮೆ.

ಈಜಿಪ್ಟಿನಲ್ಲಿ ಊರು ಬಿಡುವುದು ಸುಲಭ. ನೈಲ್ ನದಿಯ ಕಪ್ಪು ಮಣ್ಣು ಮುಗಿದಲ್ಲೇ ಮರಳು ಶುರುವಾಗುತ್ತದೆ. ಕೆಲವು ಕಡೆ ಒಂದು ಕಾಲು ಹೊಲದಲ್ಲಿ, ಇನ್ನೊಂದು ಕಾಲು ಮರಳಿನಲ್ಲಿ ಇಟ್ಟು ನಿಲ್ಲಬಹುದು. ರೋಮನ್ನರ ಕಂದಾಯದ ಕಾಟ ತಾಳಲಾರದೆ ರೈತರು ರಾತ್ರೋರಾತ್ರಿ ಊರು ಬಿಟ್ಟು ಓಡಿಹೋಗುತ್ತಿದ್ದ ಸಂಗತಿ ಹಿಂದಿನ ಶತಮಾನಗಳ ಪಪೈರಸ್‌ಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸನ್ಯಾಸಿಗಳು ಕಂಡುಕೊಂಡ ಹಾದಿಯಲ್ಲಿ ಸಾಲಗಾರರು ಮೊದಲೇ ನಡೆದಿದ್ದರು.

ಆ ಹಾದಿಗೆ ಕೀರ್ತಿ ತಂದವನು ಆಂಟನಿ. ಸುಮಾರು 251ರಲ್ಲಿ ಮಧ್ಯ ಈಜಿಪ್ಟಿನ ಕೋಮಾ ಎಂಬ ಹಳ್ಳಿಯ ಅನುಕೂಲಸ್ಥ ಮನೆಯಲ್ಲಿ ಹುಟ್ಟಿದ. ಹದಿನೆಂಟು ಇಪ್ಪತ್ತರ ವಯಸ್ಸಿಗೆ ತಂದೆತಾಯಿ ತೀರಿಕೊಂಡು, ತಂಗಿಯೂ ಈಗಿನ ಲೆಕ್ಕದಲ್ಲಿ ಸುಮಾರು 200 ಎಕರೆ ಫಲವತ್ತಾದ ಭೂಮಿಯೂ ಅವನ ಪಾಲಿಗೆ ಉಳಿದವು. ಇರುವುದನ್ನೆಲ್ಲ ಮಾರಿ ಬಡವರಿಗೆ ಹಂಚು ಎಂಬ ಅರ್ಥದ ಸುವಾರ್ತೆಯ ಮಾತು ಒಂದು ದಿನ ಚರ್ಚಿನಲ್ಲಿ ಕಿವಿಗೆ ಬಿತ್ತು, ಹಾಗೆಯೇ ಮಾಡಿದ. ಹೊಲ ಊರವರಿಗೆ ಹೋಯಿತು. ತಂಗಿಯನ್ನು ಕನ್ಯಾಸ್ತ್ರೀಯರ ವಶಕ್ಕೆ ಒಪ್ಪಿಸಿದ. ಆಕೆಯನ್ನು ಯಾರಾದರೂ ಒಂದು ಮಾತು ಕೇಳಿದರೋ ಇಲ್ಲವೋ, ಚರಿತ್ರೆ ಬರೆದವನು ಹೇಳುವುದಿಲ್ಲ.

ಆಂಟನಿ ನೇರವಾಗಿ ಮರಳುಗಾಡಿಗೆ ಹೋಗಲಿಲ್ಲ. ಮೊದಲು ಊರ ಅಂಚಿನಲ್ಲೇ ಇದ್ದು, ಆಗಾಗಲೇ ಅಲ್ಲಲ್ಲಿ ತಪಸ್ಸು ಮಾಡಿಕೊಂಡಿದ್ದ ಮುದುಕರ ಬಳಿ ಹೋಗಿ ಕಲಿತ. ಆಮೇಲೆ ಗೋರಿಗಳ ನಡುವೆ ವಾಸ. ಆಮೇಲೆ ನೈಲ್ ದಾಟಿ ಪಿಸ್ಪಿರ್‌ನ ಹಾಳು ಕೋಟೆಯೊಂದರೊಳಗೆ ಬಾಗಿಲು ಮುಚ್ಚಿಕೊಂಡು ಇಪ್ಪತ್ತು ವರ್ಷ. ವರ್ಷಕ್ಕೆ ಎರಡು ಸಲ ಯಾರೋ ಬಂದು ಆರಾರು ತಿಂಗಳಿಗಾಗುವಷ್ಟು ರೊಟ್ಟಿ ಒಳಗೆ ಇಳಿಸಿ ಹೋಗುತ್ತಿದ್ದರು. ಕೊನೆಗೆ ನೋಡಲು ಬಂದವರೇ ಬಾಗಿಲು ಮುರಿದರು. ಹೊರಬಂದವನು ಬೊಜ್ಜು ಬೆಳೆಸಿಕೊಂಡೂ ಇರಲಿಲ್ಲ, ಎಲುಬಿನ ಗೂಡೂ ಆಗಿರಲಿಲ್ಲ. ಮೊದಲು ಹೇಗಿದ್ದನೋ ಹಾಗೆಯೇ ಇದ್ದ. ಅವನ ಚರಿತ್ರೆಯ ಭೂತಪ್ರೇತಗಳ ಕಾದಾಟಕ್ಕಿಂತ ಈ ಒಂದು ವಿವರವೇ ಹೆಚ್ಚು ನಂಬುವ ಹಾಗಿದೆ.

ಮುಂದೆ ಜನರ ಕಾಟ ತಪ್ಪಿಸಿಕೊಳ್ಳಲು ಕೆಂಪು ಸಮುದ್ರದ ಕಡೆಯ ಬೆಟ್ಟದ ಬುಡಕ್ಕೆ ಹೋದ. ಜನ ಅಲ್ಲಿಗೂ ಬಂದರು. ಅವರಿಗೆ ರೊಟ್ಟಿ ಹೊತ್ತು ತರುವ ಕಷ್ಟ ಬೇಡವೆಂದು ಗೋಧಿ ಬಿತ್ತಿದ. ದಣಿದು ಬಂದವರಿಗೆಂದು ಒಂದಿಷ್ಟು ತರಕಾರಿ ಹಾಕಿದ. 356ರಲ್ಲಿ ನೂರೈದನೇ ವಯಸ್ಸಿನಲ್ಲಿ ತೀರಿಕೊಳ್ಳುವ ಮುನ್ನ, ತನ್ನನ್ನು ಹೂಳಿದ ಜಾಗ ಯಾರಿಗೂ ಗೊತ್ತಾಗಬಾರದೆಂದು ಇಬ್ಬರು ಶಿಷ್ಯರಿಗೆ ಕಟ್ಟಪ್ಪಣೆ ಮಾಡಿದ್ದ. ಅಷ್ಟು ಮಾಡಿಯೂ ತಪ್ಪಿಸಿಕೊಳ್ಳಲಾಗಲಿಲ್ಲ. ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಕೆಲವೇ ವರ್ಷಗಳಲ್ಲಿ ಅವನ ಜೀವನಚರಿತ್ರೆಯನ್ನು ಗ್ರೀಕ್‌ನಲ್ಲಿ ಬರೆದ. ಅದು ಬೇಗನೆ ಲ್ಯಾಟಿನ್ನಿಗೂ ಬಂತು. 386ರಲ್ಲಿ ಮಿಲಾನ್ ನಗರದಲ್ಲಿ ಅಲಂಕಾರಶಾಸ್ತ್ರದ ಮೇಷ್ಟ್ರೊಬ್ಬರ ಮನೆಗೆ ಬಂದ ಅತಿಥಿ ಒಂದು ಸಂಗತಿ ಹೇಳಿದ: ಟ್ರಿಯರ್‌ನಲ್ಲಿ ಇಬ್ಬರು ಸರ್ಕಾರಿ ಅಧಿಕಾರಿಗಳು ಆ ಪುಸ್ತಕ ಓದಿ, ಅಲ್ಲಿಯೇ ನೌಕರಿ ಬಿಟ್ಟರಂತೆ. ಕೇಳಿದ ಮೇಷ್ಟ್ರು ತಳಮಳಿಸಿಹೋದರು. ಅವರ ಹೆಸರು ಅಗಸ್ಟೀನ್. ಪಾಶ್ಚಾತ್ಯ ಸಾಹಿತ್ಯದಲ್ಲಿ ಆತ್ಮಕಥನದ ದಾರಿ ತೆರೆದ ಅವರ ‘ಕನ್ಫೆಷನ್ಸ್’ ಗ್ರಂಥದ ಎಂಟನೇ ಭಾಗದಲ್ಲಿ ಈ ಭೇಟಿಯ ವಿವರವಿದೆ.

ಆಂಟನಿಯ ಕಾಲಕ್ಕೇ ಮರಳುಗಾಡು ತುಂಬತೊಡಗಿತ್ತು. ಅಲೆಕ್ಸಾಂಡ್ರಿಯದ ದಕ್ಷಿಣಕ್ಕೆ, ಸವಳು ಉಪ್ಪು ತೆಗೆಯುತ್ತಿದ್ದ ನಿತ್ರಿಯಾದಲ್ಲಿ ಅಮೂನ್ ಎಂಬಾತ ನೆಲೆಸಿದ. ಹದಿನೆಂಟು ವರ್ಷ ಹೆಂಡತಿಯೊಡನೆ ಅಣ್ಣತಂಗಿಯಂತೆ ಬಾಳಿ, ಆಮೇಲೆ ಹೊರಟು ಬಂದವನು. ಶತಮಾನದ ಕೊನೆಯಲ್ಲಿ ಅಲ್ಲಿದ್ದ ಪಲ್ಲಾಡಿಯಸ್ ಬರೆದಿಟ್ಟ ನೆನಪುಗಳನ್ನು ಓದಿದರೆ ನಿತ್ರಿಯಾ ಒಂದು ಪಟ್ಟಣದಂತೆಯೇ ಕಾಣುತ್ತದೆ. ಅವನ ಲೆಕ್ಕದಲ್ಲಿ ಅಲ್ಲಿ 5000 ಮಂದಿ. ಏಳು ಬೇಕರಿ. ವೈದ್ಯರಿದ್ದರು, ಸಿಹಿತಿಂಡಿ ಮಾಡುವವರಿದ್ದರು, ದ್ರಾಕ್ಷಾರಸದ ಮಾರಾಟವೂ ಇತ್ತು. ಚರ್ಚಿನ ಪಕ್ಕದ ಅತಿಥಿಗೃಹದಲ್ಲಿ ಬಂದವರು ಎಷ್ಟು ದಿನ ಬೇಕಾದರೂ ಇರಬಹುದಿತ್ತು. ಆದರೆ ಮೊದಲ ವಾರ ಮಾತ್ರ ಸುಮ್ಮನೆ ಕೂರುವ ಸೌಲಭ್ಯ. ಎಂಟನೇ ದಿನದಿಂದ ತೋಟಕ್ಕೋ ಬೇಕರಿಗೋ ಅಡುಗೆಮನೆಗೋ ಇಳಿಯಲೇಬೇಕು. ಓದು ಬಲ್ಲವರ ಕೈಗೆ ಪುಸ್ತಕ ಕೊಟ್ಟು, ಮಧ್ಯಾಹ್ನದವರೆಗೆ ಯಾರೊಡನೆಯೂ ಮಾತಾಡದಂತೆ ಕೂರಿಸುತ್ತಿದ್ದರು. ಚರ್ಚಿನ ಅಂಗಳದಲ್ಲಿ ಮೂರು ಖರ್ಜೂರದ ಮರ, ಮೂರಕ್ಕೂ ಒಂದೊಂದು ಚಾಟಿ ತೂಗುಹಾಕಿತ್ತು: ಒಂದು ತಪ್ಪು ಮಾಡಿದ ಸನ್ಯಾಸಿಗಳಿಗೆ, ಒಂದು ಕಳ್ಳರಿಗೆ, ಇನ್ನೊಂದು ಉಳಿದವರಿಗೆ.

ಇಷ್ಟು ಗದ್ದಲ ಸಾಕೆನಿಸಿದವರಿಗೆ ಇನ್ನೂ ಒಳಗೊಂದು ಜಾಗ ಬೇಕಾಯಿತು. 338ರ ಹೊತ್ತಿಗೆ ಹುಟ್ಟಿಕೊಂಡ ಕೆಲ್ಲಿಯಾ ಅದು. ಜಾಗ ಗೊತ್ತುಮಾಡಿದ ಕಥೆಯೂ ಚೆನ್ನಾಗಿದೆ. ಆಂಟನಿ ಮತ್ತು ಅಮೂನ್ ಮಧ್ಯಾಹ್ನ ಮೂರರ ಊಟ ಮುಗಿಸಿ ನಡೆಯುತ್ತ ಹೋದರಂತೆ. ಹೊತ್ತು ಮುಳುಗಿದಲ್ಲಿ ಶಿಲುಬೆ ನೆಟ್ಟರಂತೆ. ಎರಡೂ ಕಡೆಯವರು ಊಟ ಮಾಡಿ ಹೊರಟರೆ ಕತ್ತಲಾಗುವುದರೊಳಗೆ ಒಬ್ಬರ ಬಳಿಗೊಬ್ಬರು ತಲುಪುವಂತಿರಬೇಕು ಎಂಬುದು ಉದ್ದೇಶ. ದೂರ ಹೋಗಲು ಹೊರಟವರು ಮೊದಲು ಅಳೆದದ್ದು ವಾಪಸು ಬರುವ ದಾರಿಯನ್ನು. ಕೆಲ್ಲಿಯಾದಲ್ಲಿ ಒಬ್ಬರ ಕೋಣೆಯ ಸದ್ದು ಇನ್ನೊಬ್ಬರಿಗೆ ಕೇಳಿಸದಷ್ಟು ಅಂತರವಿಟ್ಟು ಮನೆ ಕಟ್ಟಿದರು. ಶನಿವಾರ ಭಾನುವಾರ ಎಲ್ಲರೂ ಚರ್ಚಿನಲ್ಲಿ ಸೇರುವುದು ಕಡ್ಡಾಯ. ಯಾರಾದರೂ ಬಾರದಿದ್ದರೆ ಕಾಯಿಲೆಯಾಗಿದೆಯೆಂದು ತಿಳಿದು ಹುಡುಕಿಕೊಂಡು ಹೋಗುತ್ತಿದ್ದರು. ಅವರಿಗೆ ರೊಟ್ಟಿ ನಿತ್ರಿಯಾದ ಬೇಕರಿಗಳಿಂದ ಬರುತ್ತಿತ್ತು.

ರೊಟ್ಟಿಗೆ ಕಾಸು ಬರುತ್ತಿದ್ದುದು ಬುಟ್ಟಿಯಿಂದ. ಖರ್ಜೂರದ ಗರಿಯನ್ನು ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಸೀಳಿ, ಉದ್ದನೆಯ ಪಟ್ಟಿಯಾಗಿ ಹೆಣೆದು, ಆ ಪಟ್ಟಿಗಳನ್ನು ಸುತ್ತಿ ಹೊಲಿದರೆ ಬುಟ್ಟಿ. ಹಗ್ಗ, ಚಾಪೆಯನ್ನೂ ಮಾಡುತ್ತಿದ್ದರು. ನಿತ್ರಿಯಾದಲ್ಲಿ ನಾರುಬಟ್ಟೆಯನ್ನೂ ನೇಯುತ್ತಿದ್ದರು. ಕಣ್ಣು ಬೇಡದ, ಯೋಚನೆ ಬೇಡದ ಕೆಲಸವಾದ್ದರಿಂದ ಬಾಯಲ್ಲಿ ಕೀರ್ತನೆಗಳನ್ನು ಹೇಳಿಕೊಳ್ಳಬಹುದಿತ್ತು. ಸುಗ್ಗಿಯ ಕಾಲಕ್ಕೆ ಎಷ್ಟೋ ಸನ್ಯಾಸಿಗಳು ನದೀಮುಖದ ಹೊಲಗಳಿಗೆ ಕೂಲಿ ಕೊಯ್ಲಿಗೆ ಹೋಗಿ ಕಾಳು ತರುತ್ತಿದ್ದರು. ಪೇಟೆಯಲ್ಲಿ ಚೌಕಾಸಿ ಮಾಡಿದರೆ ಮನಸ್ಸು ಕೆಡುತ್ತದೆ, ಮಾಡದಿದ್ದರೆ ಹೊಟ್ಟೆ ತುಂಬುವುದಿಲ್ಲ. ಅಬ್ಬಾ ಆಗಾಥನ್ ಇದಕ್ಕೆ ದಾರಿ ಕಂಡುಕೊಂಡಿದ್ದ: ಬೆಲೆ ಒಂದೇ ಸಲ ಹೇಳುವುದು, ಕೊಟ್ಟಷ್ಟನ್ನು ಸುಮ್ಮನೆ ತೆಗೆದುಕೊಳ್ಳುವುದು. ಕಾಯಕದ ಮಾತು ಕೇಳಿ ಬೆಳೆದ ಕನ್ನಡಿಗರಿಗೆ ಇದೆಲ್ಲ ಹೊಸದೆನಿಸದು. ಆದರೆ ಶರಣರಿಗೂ ಇವರಿಗೂ ಎಂಟು ಶತಮಾನಗಳ ಅಂತರವಿದೆ, ನಂಟು ಕಟ್ಟಲು ಹೋಗಬಾರದು.

ದುಡಿಮೆ ಬೇಡವೆಂದವರೂ ಇದ್ದರು. ಗಿಡ್ಡ ಜಾನ್ ಎಂದು ಹೆಸರಾದವನು ತರುಣನಾಗಿದ್ದಾಗ, ದೇವದೂತರಂತೆ ಕೆಲಸವಿಲ್ಲದೆ ದೇವರ ಸ್ತುತಿಯಲ್ಲೇ ಇರುತ್ತೇನೆಂದು ಅಣ್ಣನಿಗೆ ಹೇಳಿ, ಮೇಲುಹೊದಿಕೆ ಕಳಚಿಟ್ಟು ಮರಳಿನೊಳಗೆ ನಡೆದ. ವಾರದ ಮೇಲೆ ಹಿಂತಿರುಗಿ ಬಾಗಿಲು ತಟ್ಟಿದ. ಒಳಗಿನಿಂದ ಯಾರೆಂದು ಕೇಳಿದರು. ನಾನೇ ಜಾನ್ ಎಂದ. ಜಾನ್ ದೇವದೂತನಾಗಿ ಹೋದ, ಇನ್ನು ಮನುಷ್ಯರ ನಡುವೆ ಅವನಿಲ್ಲ ಎಂದು ಉತ್ತರ ಬಂತು. ಬೆಳಗಾಗುವವರೆಗೂ ಅಣ್ಣ ಬಾಗಿಲು ತೆಗೆಯಲಿಲ್ಲ. ಮರಳುಗಾಡಿನ ಮುದುಕರ ಇಂಥ ನೂರಾರು ಪ್ರಸಂಗಗಳು ಮೊದಲು ಬಾಯಿಂದ ಬಾಯಿಗೆ ಹೋಗಿ, ಆಮೇಲೆ ಸಂಗ್ರಹವಾಗಿ ಗ್ರೀಕ್, ಕಾಪ್ಟಿಕ್, ಸಿರಿಯಾಕ್, ಲ್ಯಾಟಿನ್ ಭಾಷೆಗಳಲ್ಲಿ ಹರಡಿದವು. ನಗು ಅವರಿಗೆ ನಿಷಿದ್ಧವೆಂದು ಬರೆದವರು ಇವನ್ನು ಓದಿರಲಾರರು.

ಇದಕ್ಕೆ ತದ್ವಿರುದ್ಧ ಮುದುಕ ಪೌಲನದು. ಅವನ ಸಂಗತಿ ಬರೆದವನು ಈಜಿಪ್ಟಿನ ಮರಳುಗಾಡಿನಲ್ಲಿ ಕಲಿತ ಸನ್ಯಾಸಿ ಜಾನ್ ಕ್ಯಾಸಿಯನ್. ಪೌಲ ಇದ್ದದ್ದು ಊರುಗಳಿಂದ ಏಳು ದಿನದ ದಾರಿಯಾಚೆ. ಖರ್ಜೂರದ ಮರವೂ ಪುಟ್ಟ ತೋಟವೂ ಅವನ ಹೊಟ್ಟೆಗೆ ಸಾಕಾಗುತ್ತಿತ್ತು. ಬುಟ್ಟಿ ಹೆಣೆದು ಮಾರೋಣವೆಂದರೆ ಸಾಗಣೆಯ ಖರ್ಚೇ ಬುಟ್ಟಿಯ ಬೆಲೆಗಿಂತ ಹೆಚ್ಚು. ಹಾಗಿದ್ದರೂ ಹೊಟ್ಟೆಪಾಡಿಗೆ ದುಡಿಯುವವನಂತೆ ದಿನಕ್ಕಿಷ್ಟೆಂದು ಗೊತ್ತುಮಾಡಿಕೊಂಡು ಗರಿ ತಂದು ಕೆಲಸ ಮಾಡುತ್ತಿದ್ದ. ವರ್ಷದ ಕೊನೆಗೆ ಗುಹೆ ತುಂಬಿದಾಗ ಎಲ್ಲಕ್ಕೂ ಬೆಂಕಿ ಹಚ್ಚಿ, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ದುಡಿಮೆಯಿಲ್ಲದೆ ಸನ್ಯಾಸಿ ಒಂದೆಡೆ ನಿಲ್ಲಲಾರ ಎಂಬುದಕ್ಕೆ ಕ್ಯಾಸಿಯನ್ ಇದನ್ನು ಮೇಲ್ಪಂಕ್ತಿಯಾಗಿ ಹೇಳುತ್ತಾನೆ. ಆಗಾಥನನ ಬುಟ್ಟಿಯಲ್ಲಿ ಯಾರೋ ಈರುಳ್ಳಿ ಒಯ್ಯುತ್ತಿದ್ದರು. ಪೌಲನ ಬುಟ್ಟಿ ಯಾರಿಗೂ ಆಗಲಿಲ್ಲ. ಹಾಗಾಗಿ ಈ ಕಥೆಯ ಬಗ್ಗೆ ಸ್ವಲ್ಪ ಅನುಮಾನವನ್ನೂ ಇಟ್ಟುಕೊಳ್ಳಬಹುದು.

ಕ್ಯಾಸಿಯನ್ ಕಣ್ಣಮುಂದಿದ್ದ ಪ್ರಶ್ನೆ ಬೇಸರದ್ದು. ಅದನ್ನು ಅವನಿಗೆ ಕಲಿಸಿಕೊಟ್ಟವನು ಎವಾಗ್ರಿಯಸ್, ಆ ಮರಳುಗಾಡು ಕಂಡ ಅತ್ಯಂತ ಚುರುಕು ತಲೆಯ ಮನುಷ್ಯ. ಹುಟ್ಟಿದ್ದು ಸುಮಾರು 345ರಲ್ಲಿ, ಕಪ್ಪು ಸಮುದ್ರದ ತೀರದ ಪಾಂಟಸ್ ಪ್ರಾಂತ್ಯದಲ್ಲಿ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ವಾದಪಟುವೆಂದು ಹೆಸರು ಮಾಡಿದ್ದ. ದೊಡ್ಡ ಮನೆತನದ ವಿವಾಹಿತೆಯೊಬ್ಬಳ ಪ್ರೇಮದಲ್ಲಿ ಸಿಕ್ಕಿ, ಒಂದು ಕೆಟ್ಟ ಕನಸು ಕಂಡು ಹೆದರಿ, ರಾತ್ರೋರಾತ್ರಿ ಹಡಗು ಹತ್ತಿದ. ಜೆರೂಸಲೇಮಿನಲ್ಲಿ ತಿಂಗಳುಗಟ್ಟಲೆ ಜ್ವರ. ಶುಶ್ರೂಷೆ ಮಾಡಿ, ನಿಜ ಹೊರಡಿಸಿ, ಈಜಿಪ್ಟಿಗೆ ಕಳಿಸಿದವಳು ಮೆಲಾನಿಯಾ ಎಂಬ ಸಿರಿವಂತ ರೋಮನ್ ವಿಧವೆ. ಎರಡು ವರ್ಷ ನಿತ್ರಿಯಾ, ಆಮೇಲೆ 399ರಲ್ಲಿ ಸಾಯುವವರೆಗೆ ಕೆಲ್ಲಿಯಾ. ಬುಟ್ಟಿಯ ಬದಲು ಅಂದವಾದ ಅಕ್ಷರದಲ್ಲಿ ಪುಸ್ತಕ ನಕಲು ಮಾಡಿಕೊಟ್ಟು ರೊಟ್ಟಿ ಸಂಪಾದಿಸುತ್ತಿದ್ದ.

ಒಬ್ಬಂಟಿಯಾಗಿ ಕೂತವನ ತಲೆಗೆ ಬರುವ ಕೆಡುಕಿನ ಯೋಚನೆಗಳನ್ನು ಎವಾಗ್ರಿಯಸ್ ಎಂಟಾಗಿ ವಿಂಗಡಿಸಿದ: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಬೇಸರ, ಹೊಗಳಿಕೆಯ ಹಂಬಲ, ಗರ್ವ. ಇವುಗಳಲ್ಲಿ ಬೇಸರವೇ ಎಲ್ಲಕ್ಕಿಂತ ಭಾರ ಎಂದ. ಅದು ಬರುವ ವೇಳೆಯನ್ನೂ ಗುರುತಿಸಿದ: ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡು. ಆಗ ಸೂರ್ಯ ಕದಲುವುದೇ ಇಲ್ಲ, ಹಗಲಿಗೆ ಐವತ್ತು ಗಂಟೆ. ಕಣ್ಣು ಕಿಟಕಿಯ ಕಡೆ ಓಡುತ್ತದೆ. ಎದ್ದು ಹೊರಗೆ ಬಂದು ಊಟಕ್ಕೆ ಇನ್ನೆಷ್ಟು ಹೊತ್ತು ಎಂದು ಆಕಾಶ ನೋಡಬೇಕೆನಿಸುತ್ತದೆ; ಯಾರಾದರೂ ಈ ಕಡೆ ಬರುತ್ತಿದ್ದಾರೆಯೇ ಎಂದು ದಾರಿ ನೋಡಬೇಕೆನಿಸುತ್ತದೆ. ಆಮೇಲೆ ಈ ಜಾಗವೇ ಸರಿಯಿಲ್ಲ, ಈ ಕೆಲಸವೇ ದಂಡ ಎನಿಸುತ್ತದೆ. ಸುತ್ತಲಿನವರಿಗೆ ತನ್ನ ಮೇಲೆ ಪ್ರೀತಿಯಿಲ್ಲ, ಸಮಾಧಾನ ಹೇಳುವವರಿಲ್ಲ. ಮೊನ್ನೆ ಯಾರೋ ಆಡಿದ ಮಾತು ಈಗ ಚುಚ್ಚುತ್ತದೆ. ಬೇರೆ ಕಡೆ ಹೋದರೆ ಬದುಕು ಸುಲಭವಾದೀತು, ದೇವರು ಎಲ್ಲ ಕಡೆ ಇದ್ದಾನಲ್ಲ! ಊರು, ನೆಂಟರು ನೆನಪಾಗುತ್ತಾರೆ. ಮುಂದಿರುವ ಆಯುಷ್ಯ ಕೊನೆಯೇ ಇಲ್ಲದಷ್ಟು ಉದ್ದ ಕಾಣುತ್ತದೆ.

ಆಂಟನಿಯ ಕಥೆಯ ಹಲ್ಲುಕಿರಿಯುವ ಭೂತಗಳನ್ನೆಲ್ಲ ಒಟ್ಟಿಗೆ ತೂಗಿದರೂ ಈ ಒಂದು ಮಧ್ಯಾಹ್ನದ ತೂಕ ಬರುವುದಿಲ್ಲ. ಇಲ್ಲಿ ವೈರಿ ಹೊರಗಿನಿಂದ ಬರುವುದಿಲ್ಲ. ತರ್ಕ ಹೂಡುತ್ತಾನೆ, ನ್ಯಾಯ ಕೇಳುತ್ತಾನೆ, ದೇವರನ್ನೇ ಸಾಕ್ಷಿಗೆ ಕರೆಯುತ್ತಾನೆ. ಏಕಾಂತವೆಂದರೆ ನೆಮ್ಮದಿ ಎಂದುಕೊಂಡು ಹೋದವರಿಗೆ ಅಲ್ಲಿ ಎದುರಾಗುವುದು ಏನೆಂದು ಇಷ್ಟು ನೇರವಾಗಿ, ಕರುಣೆಯನ್ನೂ ಬಿಡದೆ ಹೇಳಿದ್ದು ಎವಾಗ್ರಿಯಸ್‌ನ ಸಾಧನೆ.

ಮದ್ದೂ ಹೇಳಿದ. ಕೋಣೆ ಬಿಟ್ಟು ಓಡಬೇಡ ಎಂಬುದು ಮೊದಲನೆಯದು. ಅಳು ಬಂದರೆ ಅತ್ತು, ತನ್ನನ್ನೇ ಎರಡು ಮಾಡಿಕೊಂಡು, ಒಂದು ಅರ್ಧ ಇನ್ನೊಂದಕ್ಕೆ ಸಮಾಧಾನ ಹೇಳಲಿ ಎಂದ. ತನ್ನ ಗುರುವಿನ ಒಂದು ಸೂತ್ರವನ್ನೂ ದಾಖಲಿಸಿದ: ಮನಸ್ಸು ನಾಳೆಯೇ ಸಾವೆಂಬಂತೆ ಇರಬೇಕು, ದೇಹವನ್ನು ಮಾತ್ರ ಇನ್ನೂ ಬಹಳ ವರ್ಷ ಬೇಕಾದದ್ದು ಎಂಬಂತೆ ನೋಡಿಕೊಳ್ಳಬೇಕು. ಮುದುಕರ ಪ್ರಸಂಗಗಳ ಸಂಗ್ರಹ ಶುರುವಾಗುವುದೂ ಬೇಸರದಿಂದಲೇ. ಮಂಕು ಕವಿದು ಕೂತಿದ್ದ ಆಂಟನಿಗೆ ತನ್ನಂಥದೇ ಒಬ್ಬ ಮನುಷ್ಯ ಕಾಣಿಸುತ್ತಾನೆ. ಕೂತು ಹಗ್ಗ ಹೆಣೆಯುತ್ತಾನೆ, ಎದ್ದು ಪ್ರಾರ್ಥಿಸುತ್ತಾನೆ, ಮತ್ತೆ ಕೂತು ಹೆಣೆಯುತ್ತಾನೆ. ದೇವದೂತ ಬಂದು ತೋರಿಸಿಕೊಟ್ಟದ್ದು ಇಷ್ಟೇ.

ಎಲ್ಲರ ಸ್ವಭಾವ ಒಂದೇ ಆಗಿರಲಿಲ್ಲ. ಚಕ್ರವರ್ತಿ ಥಿಯೊಡೋಸಿಯಸ್‌ನ ಮಕ್ಕಳಿಗೆ ಪಾಠ ಹೇಳಿದ್ದ ಆರ್ಸೇನಿಯಸ್ ಅರಮನೆ ಬಿಟ್ಟು, ಅದೇ ಮರಳುಗಾಡಿನ ಇನ್ನೊಂದು ಸನ್ಯಾಸಿ ನೆಲೆಯಾದ ಸ್ಕೇಟಿಸ್‌ಗೆ ಬಂದ. ಅರಮನೆಯ ಅತ್ತರಿನ ಋಣ ತೀರಿಸಲೋ ಎಂಬಂತೆ ಗರಿ ನೆನೆಸುವ ನೀರನ್ನು ವರ್ಷಕ್ಕೆ ಒಂದೇ ಸಲ ಬದಲಿಸಿ, ಆ ನಾತವನ್ನು ಉಸಿರಾಡುತ್ತಿದ್ದ. ಉಪದೇಶ ಕೇಳಲು ಬಂದ ಆರ್ಚ್‌ಬಿಷಪ್‌ಗೆ, ಆರ್ಸೇನಿಯಸ್ ಇದ್ದಾನೆಂದು ಕೇಳಿದ ಕಡೆ ಬರಬೇಡಿ ಎಂದ. ಸಮುದ್ರ ದಾಟಿ ನೋಡಲು ಬಂದ ರೋಮಿನ ಶ್ರೀಮಂತ ಹೆಂಗಸು ತನ್ನನ್ನು ನೆನಪಿಟ್ಟುಕೊಳ್ಳಬೇಕೆಂದು ಕೇಳಿಕೊಂಡಾಗ, ನಿನ್ನ ನೆನಪು ಅಳಿಸಿಹೋಗಲೆಂದು ಪ್ರಾರ್ಥಿಸುತ್ತೇನೆ ಎಂದ. ಆಕೆ ಹಾಸಿಗೆ ಹಿಡಿದಳು. ಆದರೆ ಇದೇ ಒರಟ ಒಬ್ಬ ಈಜಿಪ್ಟಿನ ಹಳ್ಳಿ ಮುದುಕನ ಬಳಿ ತನ್ನ ಯೋಚನೆಗಳನ್ನು ಹೇಳಿಕೊಂಡು ಸಲಹೆ ಕೇಳುತ್ತಿದ್ದ. ಗ್ರೀಕ್, ಲ್ಯಾಟಿನ್ ಕಲಿತವನಿಗೆ ಇದೇಕೆ ಎಂದಾಗ, ಈ ಹಳ್ಳಿಗನ ಅಕ್ಷರಮಾಲೆ ಇನ್ನೂ ನನಗೆ ಬಂದಿಲ್ಲ ಎಂದನಂತೆ.

ಅಮ್ಮಾ ಸಿಂಕ್ಲೆಟಿಕಾಳ ಹೆಸರಿನಲ್ಲಿರುವ ಮಾತುಗಳಲ್ಲಿ ಒಂದು ಈ ಇಡೀ ವ್ಯವಹಾರದ ಬುಡಕ್ಕೇ ಕೈಹಾಕುತ್ತದೆ. ಬೆಟ್ಟದಲ್ಲಿದ್ದೂ ಪಟ್ಟಣದವರಂತೆ ನಡೆದುಕೊಳ್ಳುವವರು ಕಾಲ ಕಳೆಯುತ್ತಿದ್ದಾರೆ ಅಷ್ಟೆ. ಗುಂಪಿನ ನಡುವೆ ಇದ್ದೂ ಮನಸ್ಸಿನಲ್ಲಿ ಒಬ್ಬಂಟಿಯಾಗಿರಬಹುದು, ಒಬ್ಬಂಟಿಯಾಗಿದ್ದೂ ಮನಸ್ಸಿನಲ್ಲಿ ಗುಂಪು ಕಟ್ಟಿಕೊಂಡಿರಬಹುದು ಎಂದಳು ಆಕೆ. ಅಲೆಕ್ಸಾಂಡ್ರಿಯದ ಈ ಹೆಂಗಸು ನೆಲೆಸಿದ್ದು ಊರಿನ ಹೊರಗಿನ ಗೋರಿಯೊಂದರಲ್ಲಿ. ಒಂಟಿಯಾಗಿರಲು ಐನೂರು ಮೈಲಿ ನಡೆಯಬೇಕಿಲ್ಲ ಎಂಬುದು ಹೆಂಗಸರಿಗೆ ಮೊದಲು ಹೊಳೆದದ್ದಕ್ಕೆ ಕಾರಣವೂ ಇದೆ. ಮರಳುಗಾಡು ಅವರಿಗೆ ಅಷ್ಟು ಮುಕ್ತವಾಗಿರಲಿಲ್ಲ.

ಕೆಲ್ಲಿಯಾದ ನೆಮ್ಮದಿ ಮೊದಲು ಕೆಟ್ಟಿದ್ದು ಚರ್ಚಿನ ಒಳಜಗಳದಿಂದ. ಎವಾಗ್ರಿಯಸ್ ತೀರಿಕೊಂಡ ಮರುವರ್ಷವೇ ಆರ್ಚ್‌ಬಿಷಪ್ ಥಿಯೊಫಿಲಸ್ ಅವನ ಸಂಗಡಿಗರನ್ನು ಧರ್ಮದ್ರೋಹಿಗಳೆಂದು ಓಡಿಸಿದ. ಸ್ಕೇಟಿಸ್ ಮೇಲೆ 407ರ ಸುಮಾರಿಗೆ ಮರುಭೂಮಿಯ ಬುಡಕಟ್ಟುಗಳ ದಾಳಿಯಾಯಿತು. 553ರಲ್ಲಿ ಎವಾಗ್ರಿಯಸ್‌ನ ವಿಚಾರಗಳಿಗೇ ಖಂಡನೆ ಬಿತ್ತು. ಅವನ ಪುಸ್ತಕಗಳು ಸಿರಿಯಾಕ್ ಅನುವಾದದಲ್ಲಿ, ಇಲ್ಲವೇ ಬೇರೆಯವರ ಹೆಸರಿನ ಮರೆಯಲ್ಲಿ ಉಳಿದುಕೊಂಡವು. ಕ್ಯಾಸಿಯನ್ ಅದೇ ವಿಚಾರಗಳನ್ನು ಎವಾಗ್ರಿಯಸ್‌ನ ಹೆಸರೆತ್ತದೆ ಫ್ರಾನ್ಸಿನ ಮಾರ್ಸೇಗೆ ಒಯ್ದಿದ್ದ. ಆರನೇ ಶತಮಾನದ ಕೊನೆಗೆ ಪೋಪ್ ಗ್ರೆಗೊರಿ ಎಂಟರ ಪಟ್ಟಿಯನ್ನು ಏಳಕ್ಕೆ ಇಳಿಸಿದಾಗ ಬೇಸರ ದುಃಖದೊಳಗೆ ಕರಗಿಹೋಯಿತು. ಆಮೇಲೆ ಅದನ್ನು ಸೋಮಾರಿತನವೆಂದರು. ಎವಾಗ್ರಿಯಸ್ ಕಂಡಿದ್ದು ಸೋಮಾರಿಯನ್ನಲ್ಲ, ಕಾರಣವಿಲ್ಲದೆ ಚಡಪಡಿಸುವವನನ್ನು. ಆ ಅದಲುಬದಲಿನಲ್ಲಿ ಒಳ್ಳೆಯ ತಿಳಿವಳಿಕೆಯೊಂದು ಸಾವಿರ ವರ್ಷ ಮಂಕಾಯಿತು.

ಮರಳಿನಲ್ಲಿ ಹೂತುಹೋಗಿದ್ದ ಕೆಲ್ಲಿಯಾವನ್ನು 1964ರಲ್ಲಿ ಫ್ರೆಂಚ್ ವಿದ್ವಾಂಸ ಆಂತ್ವಾನ್ ಗಿಯೋಮೋ ಮತ್ತೆ ಗುರುತಿಸಿದರು. ಫ್ರೆಂಚರೂ ಜಿನೀವಾ ವಿಶ್ವವಿದ್ಯಾಲಯದವರೂ ಅಗೆದಾಗ ಸುಮಾರು 1500 ಮನೆಗಳ ಕುರುಹು ಕಂಡವು. ಹಸಿ ಇಟ್ಟಿಗೆಯ ಗೋಡೆ, ಒಳಗೆ ಅಂಗಳ, ಬಾವಿ, ಕೈತೋಟ, ಅಡುಗೆಮನೆ, ಶೌಚ, ಗುರುವಿಗೊಂದು ಶಿಷ್ಯನಿಗೊಂದು ಕೋಣೆ, ಪ್ರಾರ್ಥನೆಯ ಕೋಣೆಯಲ್ಲಿ ಬಣ್ಣದ ಶಿಲುಬೆಗಳು. ಆರು, ಏಳನೇ ಶತಮಾನದ ಮನೆಗಳು ಸಾಕಷ್ಟು ಅನುಕೂಲವಾಗಿಯೇ ಇದ್ದವು. ಅಗೆತ ನಡೆಯುತ್ತಿದ್ದಾಗಲೇ ನೀರಾವರಿ ಕಾಲುವೆಗಳು ಬಂದು, ಜಾಗದ ಬಹುಪಾಲು ಹೊಲವಾಯಿತು.

ಸ್ಕೇಟಿಸ್ ಮಾತ್ರ ಉಳಿದಿದೆ. ಇಂದಿನ ವಾದಿ ನತ್ರೂನ್ ಅದು. ಅಲ್ಲಿನ ನಾಲ್ಕು ಪುರಾತನ ಮಠಗಳಲ್ಲಿ ಈಗಲೂ ಸನ್ಯಾಸಿಗಳಿದ್ದಾರೆ. 1950ರ ದಶಕದಲ್ಲಿ ಅಲ್ಲಿನ ಸಿರಿಯನ್ ಮಠ ಸೇರಿ, ಕೆಲವು ವರ್ಷ ಗುಹೆಯಲ್ಲಿ ಒಬ್ಬರೇ ವಾಸವಿದ್ದ ಸನ್ಯಾಸಿಯೊಬ್ಬರು 1971ರಲ್ಲಿ ಕಾಪ್ಟಿಕ್ ಚರ್ಚಿನ ಪೋಪ್ ಮೂರನೇ ಶೆನೂದಾ ಆದರು. 1981ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಸಾದತ್ ಶೆನೂದಾರ ಅಧಿಕಾರ ಕಿತ್ತುಕೊಂಡು, ಅವರನ್ನು ಅದೇ ಕಣಿವೆಯ ಬಿಶೋಯ್ ಮಠದಲ್ಲಿ ಇರಿಸಿದರು. ಮರುತಿಂಗಳೇ ಸಾದತ್ ಹತ್ಯೆಯಾಯಿತು. ಶೆನೂದಾ ಬಿಡುಗಡೆಯಾದದ್ದು 1985ರ ಜನವರಿಯಲ್ಲಿ. ಹೊರಬಂದ ಮೇಲೂ ಅವರು ವಾರದ ಕೆಲವು ದಿನಗಳನ್ನು ಕೈರೋದಲ್ಲಿ ಕಳೆಯದೆ, ತಮ್ಮನ್ನು ಕೂಡಿಹಾಕಿದ್ದ ಆ ಮಠದಲ್ಲೇ ಕಳೆಯುತ್ತಿದ್ದರು.